ಆರಲಾರದ ಕೆಂಪು ಚುಕ್ಕಿ

ಉತ್ತಯ್ಯನ ಪಿಸ್ತೂಲಿನ ಮೇಲೆ ಹೊಸದಾಗಿ ಒಂದು ಗಾಜು ಬಂದು ಕೂತಿತು. ಅದರೊಳಗಿನ ಕೆಂಪು ಚುಕ್ಕಿ, ಗುರಿ ನೋಡುವ ಹಳೆಯ ಕಬ್ಬಿಣದ ಮೊಳೆಗೆ ಹೇಳಿತು: "ಇನ್ನು ನಿನಗೆ ವಿಶ್ರಾಂತಿ. ನಾನು ಕೂತಲ್ಲಿಗೇ ಗುಂಡು ಹೋಗುತ್ತದೆ. ಪಿಸ್ತೂಲು ಒಂದಿಷ್ಟು ಅಲುಗಿದರೆ ಸಾಕು, ನಾನಾಗಿಯೇ ಹತ್ತಿಕೊಳ್ಳುತ್ತೇನೆ; ಅಲುಗಾಟ ನಿಂತರಷ್ಟೇ ಆರುತ್ತೇನೆ."

"ಯಾರ ಮೇಲೆ ಕೂರುತ್ತೀಯೆಂದು ನೋಡುತ್ತೀಯಾ?" ಎಂದು ಮೊಳೆ ಕೇಳಿತು.

"ಅದು ನನ್ನ ಕೆಲಸವಲ್ಲ. ಗುಂಡು ಹೊಡೆಯುವ ಪಂದ್ಯದಲ್ಲಿ ಗುರಿಗಿಟ್ಟ ಉಕ್ಕಿನ ತಟ್ಟೆಗಳು ಹೇಗೆ ಉರುಳುತ್ತವೆ, ನೋಡುತ್ತಿರು."

ತಟ್ಟೆಗಳೆಲ್ಲ ಉರುಳಿದವು. ಗೆದ್ದ ಉತ್ತಯ್ಯ ಅಂದಿನಿಂದ ಪಿಸ್ತೂಲನ್ನು ಸೊಂಟದಲ್ಲಿಟ್ಟುಕೊಂಡೇ ಓಡಾಡತೊಡಗಿದ.

ಒಂದು ಸಂಜೆ ಕರೆಂಟು ಹೋಗಿತ್ತು. ಹಿತ್ತಲ ಬಾಗಿಲು ಕಿರ್ರೆಂದಿತು. ಪಂದ್ಯದಲ್ಲಿ ಶುರುವಿನ ಬೀಪ್ ಕೇಳಿದ ಕೂಡಲೇ ಎಳೆಯುವಂತೆ ಉತ್ತಯ್ಯ ಪಿಸ್ತೂಲು ಎಳೆದ. ಬಾಗಿಲಲ್ಲಿ ನಿಂತ ಕಪ್ಪು ಆಕೃತಿಯ ಎದೆಯ ಮೇಲೆ ಚುಕ್ಕಿ ಸರಿಯಾಗಿ ಕೂತಿತು.

"ಕೂತೆ," ಎಂದಿತು ಚುಕ್ಕಿ.

"ಯಾರ ಮೇಲೆ?" ಎಂದು ಮೊಳೆ ಚೀರಿತು.

"ತಟ್ಟೆಯ ಮೇಲೆ."

ಬೆರಳು ಆಗಲೇ ಟ್ರಿಗರನ್ನು ಅರ್ಧ ಒತ್ತಿತ್ತು. ಅಷ್ಟರಲ್ಲಿ ತಟ್ಟೆ ಮಾತಾಡಿತು: "ಅಪ್ಪಾ, ಮೇಣದಬತ್ತಿ ಎಲ್ಲಿಟ್ಟಿದ್ದೀರಿ?"

ತಟ್ಟೆ ಮಾತಾಡುವುದನ್ನು ಚುಕ್ಕಿ ಎಂದೂ ಕೇಳಿರಲಿಲ್ಲ. ಅದಕ್ಕೆ ಮೊದಲ ಸಲ ಹೆದರಿಕೆಯಾಯಿತು. "ನನ್ನನ್ನು ಆರಿಸಿ! ಯಾರಾದರೂ ಆರಿಸಿ!" ಎಂದು ಕೂಗಿತು.

ಉತ್ತಯ್ಯನ ಬೆರಳು ಮೆಲ್ಲಗೆ ಈಚೆಗೆ ಬಂತು. ಆದರೆ ಮರಗಟ್ಟಿದ ತೋಳು ಕೆಳಗಿಳಿಯಲಿಲ್ಲ, ಕೈಯ ನಡುಕವೂ ನಿಲ್ಲಲಿಲ್ಲ. ಆ ಕೈ ನಡುಗುವಷ್ಟು ಹೊತ್ತೂ ಚುಕ್ಕಿ ಆರಲಾರದೆ, ಮಗಳ ಎದೆಯ ಮೇಲೆ ಉರಿಯುತ್ತಲೇ ಇತ್ತು.