ಮೂರು ಓಣಿಯ ನೀರು, ಉಪದೇಶಿಯ ಕೋಳಿ

ಸುಮ್ನ ಕುಂದರ್ರಿ ಹುಡುಗ್ರಾ. ಸತ್ಯವೇದ ಒಂದ, ಕ್ರೈಸ್ತರಿಗೆ ಅರ್ಥ ಇಷ್ಟ್ಯಾಕಜ್ಜಾ ಅಂತ ಕೇಳಿದ್ರಲ್ಲ? ದಪ್ಪ ಕನ್ನಡಕದ ಮಂದಿ ಇದಕ್ಕ ಉತ್ತರ ಹೇಳಾಕ ಹೋಗಿ ಬೆವತು ವಾಪಸ್ ಬಂದಾರ. ನಾ ಸಾಲಿ ಮೂರು ವರ್ಷ ಕಲತಾವ. ಆದ್ರ ಈ ಕಥಿ ನನ್ನಂಗ ಹೇಳಾವ ಏಳು ಹಳ್ಳ್ಯಾಗ ಇಲ್ಲ. ಇದ್ರ ಕರಕೊಂಡು ಬರ್ರಿ, ನೋಡೂಣು.

ಅದೊಂದು ರಾಜ್ಯ. ಆ ರಾಜ್ಯದಾಗ ಒಂದು ಊರು. ಊರಾಗ ಮೂರು ಓಣಿ. ಕೆಳಗ ಹೊಳಿ ಓಣಿ, ನಡುವ ಬಾವಿ ಓಣಿ, ಮ್ಯಾಲ ಗುಡ್ಡದ ಓಣಿ. ಮೂರೂ ಓಣಿ ಮಂದಿ ಕ್ರೈಸ್ತರು. ಎಲ್ಲಾರಿಗೂ ಸೇರಿ ಒಂದ ಚರ್ಚು, ಒಂದ ಗಂಟಿ, ಒಂದ ಸತ್ಯವೇದ.

ಓದಾಕ ಬರ್ತಿದ್ದಾವನೂ ಒಬ್ಬನ. ಅವ ಉಪದೇಶಿ ಎಲೀಯಪ್ಪ. ದೀಕ್ಷಾಸ್ನಾನ ಕೊಡೋ ಅಯ್ಯನವರು ದೂರದ ಪ್ಯಾಟಿಂದ ವರ್ಷಕ್ಕೊಮ್ಮಿ ಕುದುರಿ ಏರಿ ಬರೋರು. ಉಳಿದ ದಿನ ಪುಸ್ತಕ ಎಲೀಯಪ್ಪನ ಪೆಟಿಗ್ಯಾಗ. ಪೆಟಿಗಿ ಕೀಲಿ ಅವನ ಉಡದಾರದಾಗ.

ಆ ಊರಾಗ ಒಂದು ಜಗಳ ಇತ್ತು. ಕೂಸಿಗೆ ನೀರು ಮುಟ್ಟಿಸಿ ಹೆಸರಿಡೋ ದೀಕ್ಷಾಸ್ನಾನ ಹೆಂಗ ಕೊಡಬೇಕು? ಹೊಳಿ ಓಣ್ಯಾವರು, ನೀರಾಗ ಮುಳುಗಸಬೇಕು ಅನ್ನೋರು. ಬಾವಿ ಓಣ್ಯಾವರು, ತಂಬಿಗಿಲೆ ಸುರೀಬೇಕು ಅನ್ನೋರು. ಗುಡ್ಡದ ಓಣ್ಯಾವರು, ಮೂರು ಬೆರಳಿಲೆ ಚಿಮಕಸಬೇಕು ಅನ್ನೋರು. ಪುಸ್ತಕದಾಗ ಹಂಗ ಐತಿ ಅಂತ ಮೂವರೂ ಹೇಳೋರು. ಪುಸ್ತಕ ಮೂವರಿಗೂ ಓದಾಕ ಬರ್ತಿದ್ದಿಲ್ಲ.

ಒಂದು ವರ್ಷ ಏನಾತಂದ್ರ, ಹೊಳಿ ಓಣಿ ಹಿರಿಯ ಯೋನಪ್ಪನ ಮಗನಿಗೂ ಗುಡ್ಡದ ಓಣಿ ಹಿರಿಯ ಅಬ್ರಹಾಮಪ್ಪನ ಮಗಳು ಕರುಣವ್ವಗೂ ಮದುವಿ ಆತು. ಹೆಣ್ಣು ಕೂಸು ಹುಟ್ಟಿತು. ಅಯ್ಯನವರು ಬಂದ್ರು. ಮುಳುಗಸ್ರಿ ಅಂದ ಯೋನಪ್ಪ. ಚಿಮಕಸ್ರಿ ಅಂದ ಅಬ್ರಹಾಮಪ್ಪ. ಎರಡೂ ತಪ್ಪು ಅಂತ ನಡುವ ಬಾಯಿ ಹಾಕಿದ ಬಾವಿ ಓಣಿ ಹಿರಿಯ ಮತ್ತಾಯಪ್ಪ. ಹೊತ್ತು ಮುಳುಗೂತನಕ ಕಾದ್ರು ಅಯ್ಯನವರು. ಆಮ್ಯಾಲ ಕುದುರಿ ಏರಿ ಹೋದ್ರು.

ಕೂಸಿಗೆ ಹಲ್ಲು ಬಂದ್ವು, ಹೆಸರು ಬರಲಿಲ್ಲ. ಎಲ್ಲಾರೂ "ಏ ಕೂಸ" ಅಂತ ಕರಿಯೋರು.

ಒಂದಿನ ಆ ಕೂಸಿಗೆ ಜ್ವರ ಬಂತು. ಅಂಥಿಂಥಾ ಜ್ವರಲ್ಲ. ಮೈ ಮುಟ್ಟಿದ್ರ ರೊಟ್ಟಿ ಹಂಚು ಮುಟ್ಟಿದಂಗ.

ಆ ಊರಿನ ಪದ್ಧತಿ ಕೇಳ್ರಿ. ದೀಕ್ಷಾಸ್ನಾನ ಆಗದ ಕೂಸು ಸತ್ತರ ಸಮಾಧಿ ತೋಟದ ಗೋಡಿ ಒಳಗ ಜಾಗ ಇಲ್ಲ. ಹೊರಗ, ಕಳ್ಳಿ ಸಾಲಿನಾಗ ಮಣ್ಣು ಮಾಡೋದು. ಕರುಣವ್ವ ಮೂರು ದಿನ ಉಣ್ಣಲಿಲ್ಲ. ಮಗಳನ್ನ ಎದಿಗವಚಿಕೊಂಡು, ಕಳ್ಳ್ಯಾಗ ಇಡಬ್ಯಾಡ್ರಿ, ಕಳ್ಳ್ಯಾಗ ಇಡಬ್ಯಾಡ್ರಿ ಅಂತ ಒಂದ ಮಾತು.

ಇನ್ನೊಂದು ಪದ್ಧತೀನೂ ಇತ್ತು. ಅಯ್ಯನವರು ದೂರ ಇದ್ದು ಕೂಸು ಸಾಯೋ ಹಂಗಿದ್ರ ಸೂಲಗಿತ್ತಿನೂ ದೀಕ್ಷಾಸ್ನಾನ ಕೊಡಬಹುದು. ಆದ್ರ ಮೂರೂ ಓಣಿ ಹಿರೇರು ಹೂಂ ಅನ್ನಬೇಕು.

ಸೂಲಗಿತ್ತಿ ರೂತವ್ವ ಸೆರಗು ಸಿಗಿಸಿಕೊಂಡು ಹೊಂಟಳು.

ಮೊದಲು ಯೋನಪ್ಪನ ಹಂತ್ಯಾಕ ಹೋದಳು. ಅವ ಜಗ್ಗಲಿಲ್ಲ. ಉಪದೇಶಿ ನನಗ ಓದಿ ತೋರಿಸ್ಯಾನ, ಮುಳುಗಸಬೇಕು ಅಂತ ಐತಿ ಅಂದ. ಹೋದ ವಾರ ಕೆಂಪು ಹುಂಜ ಕೊಟ್ಟು ಇನ್ನೊಮ್ಮಿ ಕೇಳಿಕೊಂಡು ಬಂದೀನಿ ಅಂದ.

ಆಮ್ಯಾಲ ಮತ್ತಾಯಪ್ಪನ ಹಂತ್ಯಾಕ ಹೋದಳು. ಅವನೂ ಜಗ್ಗಲಿಲ್ಲ. ಉಪದೇಶಿ ನನಗ ಓದಿ ತೋರಿಸ್ಯಾನ, ಸುರೀಬೇಕು ಅಂತ ಐತಿ ಅಂದ. ಅವ ಕೊಟ್ಟಿದ್ದು ಚುಕ್ಕಿ ಹ್ಯಾಟಿ ಕೋಳಿ.

ಕಡೀಕ ಗುಡ್ಡ ಏರಿ ಅಬ್ರಹಾಮಪ್ಪನ ಹಂತ್ಯಾಕ ಹೋದಳು. ಕೂಸಿನ ತಾಯಿ ಅವನ ಮಗಳು, ಕಣ್ಣಾಗ ನೀರು ಇತ್ತು. ಆದ್ರ ಮಾತು ಅದ. ಉಪದೇಶಿ ಓದಿ ತೋರಿಸ್ಯಾನ, ಚಿಮಕಸಬೇಕು ಅಂತ ಐತಿ. ಅವ ಕೊಟ್ಟಿದ್ದು ಕರಿ ಹ್ಯಾಟಿ.

ಇಳಿದು ಬರೋವಾಗ ರೂತವ್ವ ಎಲೀಯಪ್ಪನ ಹಿತ್ತಲದಾಗ ಇಣುಕಿ ನೋಡಿದಳು. ತಿಪ್ಪಿ ಮ್ಯಾಲ ಪುಕ್ಕದ ಗುಡ್ಡಿ. ಕೆಂಪು ಪುಕ್ಕ, ಚುಕ್ಕಿ ಪುಕ್ಕ, ಕರಿ ಪುಕ್ಕ. ಒಂದು ವರ್ಷದ ಊಟ ಅಲ್ಲಿ ಬಿದ್ದಿತ್ತು.

ರೂತವ್ವಗ ಓದು ಬರ್ತಿದ್ದಿಲ್ಲ. ಪುಕ್ಕ ಓದಾಕ ಬರ್ತಿತ್ತು.

ಅವತ್ತು ಮಧ್ಯಾಹ್ನನ ಮೂರೂ ಮುದುಕರನ್ನ ತನ್ನ ಮನೀಗಿ ಕರೆಸಿದಳು. ಒಳಗಿನ ಖೋಲ್ಯಾಗ, ಜ್ವಾಳದ ಚೀಲದ ಹಿಂದ ಕುಂಡ್ರಿಸಿದಳು. ಕೆಮ್ಮಿದ್ರ ನೋಡ್ರಿ ಅಂದಳು. ಮೂವರೂ ಹುಟ್ಟೋವಾಗ ಹೆರಿಗಿ ಮಾಡಿಸಿದಾಕಿ ಅವಳ ಅವ್ವ, ಹಿಂಗಾಗಿ ರೂತವ್ವನ ಮಾತು ಅವರು ಮೀರೋದಿಲ್ಲ. ಅಬ್ರಹಾಮಪ್ಪ ಕತ್ತಲ್ಯಾಗ ಯೋನಪ್ಪನ ಪಾದದ ಮ್ಯಾಲ ಕುಂತ. ಯೋನಪ್ಪ ಹಲ್ಲು ಕಚ್ಚಿಕೊಂಡ.

ಆಮ್ಯಾಲ ಕರುಣವ್ವನ್ನ ಕೂಸಿನ ಸಮೇತ ಕರೆಸಿಕೊಂಡು, ಕೂಸಿಗೆ ಪ್ರಾರ್ಥನಾ ಮಾಡು ಬಾ ಅಂತ ಉಪದೇಶಿಗೆ ಹೇಳಿ ಕಳಿಸಿದಳು. ಅವ ಪುಸ್ತಕ ಬಗಲಾಗ ಇಟಗೊಂಡು ಬಂದ.

ರೂತವ್ವ ಒಂದು ಕೆಂಪು ಹುಂಜ ಹಿಡಕೊಂಡು ಬಂದಳು. "ಇದು ಹೊಳಿ ಓಣ್ಯಾವರು ನಿನಗ ಕೊಟ್ಟಿದ್ದು, ಉಪದೇಶಿ. ಪುಸ್ತಕ ಏನಂತೈತಿ?"

ಎಲೀಯಪ್ಪ ಒಂದು ಹಾಳಿ ತಗದ. ಸಾಲಿನ ಮ್ಯಾಲ ಬೆರಳಿಟ್ಟ. "ಮುಳುಗಸಬೇಕವ್ವ. ಇಲ್ಲೇ ಐತಿ."

ರೂತವ್ವ ಒಳಗ ಹೋಗಿ ಚುಕ್ಕಿ ಹ್ಯಾಟಿ ತಂದಳು. ಇದು ಬಾವಿ ಓಣಿದು ಅಂದಳು.

"ಹಂಗಾದ್ರ ಸುರೀಬೇಕು. ಇಲ್ಲೇ ಐತಿ."

ಕರಿ ಹ್ಯಾಟಿ ತಂದಳು. ಇದು ಗುಡ್ಡದ ಓಣಿದು ಅಂದಳು.

"ಚಿಮಕಸಬೇಕು. ಇಲ್ಲೇ ಐತಲ್ಲ."

ಹಾಳಿ ಅದ. ಸಾಲು ಅದ. ಬೆರಳು ಸರೀಲಿಲ್ಲ. ಕೋಳಿ ಮಾತ್ರ ಬದಲಾತು.

ಜ್ವಾಳದ ಚೀಲ ದಬದಬ ಬಿದ್ವು. ಮೂರು ಮುದುಕರು ಹೊರಗ ಬಂದ್ರು. ಎಲೀಯಪ್ಪ ಬಾಗಲ ಕಡೆ ನೋಡಿದ. ಬಾಗಲಾಗ ರೂತವ್ವ ನಿಂತಿದ್ದಳು, ಒನಕಿ ಹಿಡಕೊಂಡು.

"ಈಗ ಕೋಳಿ ಇಲ್ಲ," ಅಂದ ಯೋನಪ್ಪ. "ಓದು."

ಎಲೀಯಪ್ಪ ಬೆವತುಕೊಂತ ಓದಿದ. ದೀಕ್ಷಾಸ್ನಾನ ಕೊಡ್ರಿ ಅಂತ ಐತಿ. ಎಷ್ಟು ನೀರು ಅಂತ ಈ ಸಾಲಿನಾಗ ಇಲ್ಲ. ಒಂದು ಕಡೆ ಹೊಳ್ಯಾಗ ಇಳದದ್ದು ಐತಿ. ಇನ್ನೊಂದು ಕಡೆ ಸುರಿಯೋ ಮಾತು ಐತಿ. ಮತ್ತೊಂದು ಕಡೆ ಚಿಮಕಿಸೋ ಮಾತೂ ಐತಿ. ಮೂವರಿಗೂ ತಮ್ಮ ತಮ್ಮ ಸಾಲು ಸಿಕ್ತು. ನೋಡಿದೇನು, ನೋಡಿದೇನು ಅಂತ ಮತ್ತ ಎದಿ ಸೆಟಿಸಿದ್ರು. ಕರುಣವ್ವನ ತೊಡಿ ಮ್ಯಾಲ ಕೂಸು ನರಳಿತು.

ಆಗ ರೂತವ್ವ ಒನಕಿ ನೆಲಕ್ಕ ಕುಟ್ಟಿ ಒಂದ ಮಾತು ಕೇಳಿದಳು. "ನಿಮ್ಮ ಮುತ್ಯಾಗೋಳು ಯಾವ ನೀರು ಕುಡೀತಿದ್ರು?"

ಮುದುಕರು ಒಬ್ಬೊಬ್ಬರಾಗಿ ಹೇಳಿದ್ರು. ಹೊಳಿ ಓಣ್ಯಾಗ ಹೊಸ್ತಲಿಗೇ ಹೊಳಿ. ಅವರು ಮುಳುಗಸಿದ್ರು. ಬಾವಿ ಓಣ್ಯಾಗ ಸೇದಿದ ತಂಬಿಗಿ ನೀರು. ಅವರು ಸುರಿದ್ರು. ಗುಡ್ಡದ ಮ್ಯಾಲ ದಿನಕ್ಕ ಎರಡು ಕೊಡ, ಅದೂ ಹೆಣ್ಣುಮಕ್ಕಳ ತಲಿ ಮ್ಯಾಲ ಮುನ್ನೂರು ಮೆಟ್ಟಲ ಏರಿ ಬರೋದು. ಅವರು ಚಿಮಕಸಿದ್ರು. ಪುಸ್ತಕ ಒಂದ. ಓದೋ ಕಣ್ಣಿಗೆ ತನ್ನ ಮನಿ ನೀರ ಕಾಣ್ತೈತಿ.

ಯೋನಪ್ಪ ಕರುಣವ್ವನ ಹಂತ್ಯಾಕ ಬಂದ. ಅವನಷ್ಟು ಹಟದಾವ ನನ್ನ ಬಿಟ್ರ ಇನ್ನೊಬ್ಬ ಹುಟ್ಟಿಲ್ಲ. ಬಗ್ಗಿ ಕೂಸಿನ ಹಣಿ ಮುಟ್ಟಿದ. ಕೈ ಸುಟ್ಟಂಗಾತು.

"ಈ ಮೈನ ಹೊಳ್ಯಾಗ ಮುಳುಗಸಿದ್ರ ಉಳಿಯೂದಿಲ್ಲ," ಅಂದ. "ಚಿಮಕಸವ್ವ ರೂತವ್ವ. ನಂದು ಹೂಂ."

ಅವ ಹೊಳಿ ನೀರು ತಂದ. ಮತ್ತಾಯಪ್ಪನೂ ಹೂಂ ಅಂದು ಬಾವಿ ನೀರು ತಂದ. ಅಬ್ರಹಾಮಪ್ಪ ಗುಡ್ಡದ ಕೊಡದ ನೀರು ತಂದ. ಮೂರೂ ಒಂದ ತಾಟಿನ್ಯಾಗ ಹಾಕಿದ್ರು. ಯಾವುದು ಯಾರದಂತ ದೇವರಿಗೂ ಗೊತ್ತಾಗ್ತಿದ್ದಿಲ್ಲ.

ನೀರು ಮುಟ್ಟಿ ರೂತವ್ವ ಕೇಳಿದಳು, "ಕರುಣವ್ವಾ, ಹೆಸರೇನವ್ವ?"

ಒಂದು ವರ್ಷ ಎಲ್ಲಾರೂ ನೀರಿನ ಮಾತಾಡಿದ್ರು. ಹೆಸರು ಏನಂತ ಆ ತಾಯಿನ ಯಾರೂ ಕೇಳಿದ್ದಿಲ್ಲ.

"ಮಾರ್ಥಾ," ಅಂದಳು ಕರುಣವ್ವ. ಅಂದು ಅಳಾಕತ್ತಳು. ರೂತವ್ವ ಆ ಹೆಸರು ಹೇಳಿ ಮೂರು ಬೆರಳಿಲೆ ನೀರು ಚಿಮಕಸಿದಳು.

ಸಂಜೀಕ ಕೂಸಿನ ಮೈ ಬೆವತು ತಣ್ಣಗಾತು. ಹಾಲು ಬೇಡಿತು. ನೀರಿನಿಂದಾತೋ, ರೂತವ್ವ ಕುಡಿಸಿದ ಕಷಾಯದಿಂದಾತೋ, ತಾನಾಗಿ ಆತೋ ನಾ ಹೇಳೂದಿಲ್ಲ. ಅದಕ್ಕೂ ಊರಾಗ ಮೂರು ಅರ್ಥ ಮಾಡ್ಯಾರ. ಕರುಣವ್ವ ಮಾತ್ರ ಮೂರು ದಿನದ ಮ್ಯಾಲ ಒಂದು ರೊಟ್ಟಿ ತಿಂದು, ಗೋಡಿಗೆ ಒರಗಿ ಗೊರಕಿ ಹೊಡದಳು. ಯಾರೂ ಎಬ್ಬಿಸಲಿಲ್ಲ.

ಆ ಮೂರು ಕೋಳಿ ಒಂದ ಗಡಿಗ್ಯಾಗ ಕುದ್ದುವು. ಮೂರೂ ಓಣಿ ಕೂಡಿ ಉಂಡಿತು. ಎಲೀಯಪ್ಪಗ ಬರೇ ಸಾರು ಬಡಿಸಿದ್ರು. ಪೆಟಿಗಿ ಕೀಲಿ ಕಸಕೊಂಡ್ರು. ಮೂರೂ ಓಣಿ ಮಕ್ಕಳಿಗೆ, ಮುದುಕರಿಗೆ ಓದು ಕಲಸು ಅಂತ ಶಿಕ್ಷೆ ಹಾಕಿದ್ರು. ಯೋನಪ್ಪಗ ಅಕ್ಷರ ಕಲಸಾಕ ಹತ್ತು ವರ್ಷ ಹಿಡೀತಂತ. ಅದಕ್ಕಿಂತ ದೊಡ್ಡ ಶಿಕ್ಷೆ ಯಾವ ರಾಜನೂ ಕೊಟ್ಟಿಲ್ಲ.

ಎಲ್ಲಾರೂ ಓದಾಕ ಕಲತ ಮ್ಯಾಲ ಅರ್ಥ ಒಂದ ಆತೇನು ಅಂತೀರಿ. ಎಲ್ಲಿ ಬಂತು? ಮೂರಿದ್ದದ್ದು ಮೂವತ್ತಾತು. ಆದ್ರ ಅವತ್ತಿಂದ ಹೆಸರಿಲ್ಲದ ಕೂಸು ಆ ಊರಾಗ ಇಲ್ಲ. ಕಳ್ಳಿ ಸಾಲು ಕಡದು ಗೋಡಿ ಆ ಕಡೆ ಸರಿಸಿದ್ರು. ಹೊರಗ ಮಲಗಿದ್ದ ಹಳೇ ಕೂಸುಗಳೂ ಒಳಗ ಬಂದ್ವು.

ತಿಳೀತೇನು ಹುಡುಗ್ರಾ? ತನ್ನ ಬಾವಿ ನೀರಿನಾಗ ಮುಖ ನೋಡಿ ಓದಾವನಿಗೆ ಅಂಜಬ್ಯಾಡ್ರಿ, ಅವ ನಿಮ್ಮ ತಮ್ಮ. ಕೋಳಿ ನೋಡಿ ಓದಾವನಿಗೆ ಅಂಜ್ರಿ. ಮತ್ತ ನಿಮ್ಮ ಅರ್ಥದಿಂದ ಒಂದು ಕೂಸು ಗೋಡಿ ಹೊರಗ ಉಳದ್ರ, ಅರ್ಥ ಎಷ್ಟ ಚಲೋ ಇರ್ಲಿ, ಇನ್ನೊಮ್ಮಿ ಓದ್ರಿ.

ಕಥಿ ನನ್ನ ಕಡಿಂದ ಮುಗೀತು. ಹೋಗ್ರಿ, ನೀರು ಕುಡದು ಮಲಕೋರಿ. ಯಾವ ನೀರಾದ್ರೂ ಅಡ್ಡಿಲ್ಲ.