ಕಾಗೆಯ ಕರೆ, ಬೆಳ್ಳಕ್ಕಿಯ ಇದ್ದಿಲು

ಕಾಡಿನ ಟಿ.ವಿ. ಧಾರಾವಾಹಿಗಳಲ್ಲಿ ಕಾಗೆ ಸುಗುಣಮ್ಮ ಮೊದಲು ಸೊಸೆಯಾಗಿ, ಆಮೇಲೆ ಅತ್ತೆಯಾಗಿ ಬಹುಕಾಲ ಮೆರೆದಿದ್ದಳು. ಈ ಸಲ ತಾಯಿಯ ಪಾತ್ರಕ್ಕೆ ಎಳೆಯ ಬೆಳ್ಳಕ್ಕಿಯೊಬ್ಬಳು ಪೈಪೋಟಿಗೆ ಬಂದಳು.

"ಇದ್ದಿಲು ಬೆರೆಸಿದ ಈ ಕರಿ ಐಸ್‌ಕ್ರೀಮ್ ತಿನ್ನಿ, ಅಮ್ಮಾ. ಹೊಟ್ಟೆಯ ನಂಜೆಲ್ಲ ಹೀರಿ ಮುಖಕ್ಕೆ ಕಳೆ ತರುತ್ತದಂತೆ. ಈಗ ಇದನ್ನು ತಿನ್ನದವರಿಗೆ ಪಾತ್ರವೇ ಇಲ್ಲ," ಎಂದಳು ಬೆಳ್ಳಕ್ಕಿ.

"ನೀನೇ ತಿನ್ನು, ಮಗಳೇ. ನನಗೆ ಮಾತು ಬಾಯಿಪಾಠ ಆಗಬೇಕು," ಎಂದಳು ಕಾಗೆ. ಆದರೂ ಓರೆಗಣ್ಣಿನಿಂದ ಆ ಐಸ್‌ಕ್ರೀಮನ್ನು ಒಮ್ಮೆ ನೋಡಿಕೊಂಡಳು.

ಆಯ್ಕೆಗೆ ಇಬ್ಬರಿಗೂ ಕೊಟ್ಟದ್ದು, ಕಳೆದುಹೋದ ಮರಿಯನ್ನು ತಾಯಿ ಕರೆಯುವ ದೃಶ್ಯ. ಬೆಳ್ಳಕ್ಕಿ ಅಳಲು ಬಾಯಿ ತೆರೆದಳು. ಮಸಿ ಹಿಡಿದ ನಾಲಿಗೆ ಕಂಡು ಎಲ್ಲರೂ ಗೊಳ್ಳೆಂದು ನಕ್ಕರು.

ಕಾಗೆ ಮುಂದೆ ಬಂದು, "ಬಾರೋ ಕಂದಾ!" ಎಂದು ಒಂದೇ ಸಲ ಕೂಗಿದಳು. ಮರಮರದಿಂದ ಯಾರ್ಯಾರದೋ ಮರಿಗಳು ಹಾರಿಬಂದು ಅವಳ ರೆಕ್ಕೆಯಡಿ ನುಗ್ಗಿದವು. ನಿರ್ದೇಶಕ ಕರಡಿ 'ಕಟ್' ಹೇಳುವುದನ್ನೇ ಮರೆತ.