ಒಣಗಿದ ಹಗ್ಗ

ನಾನು ಮೊದಲ ಸಲ ಊರು ಬಿಟ್ಟು ನಡೆದದ್ದು ಭೀಮನ ಅಮಾವಾಸ್ಯೆಯ ಮರುದಿನ, ಆರನೇ ತರಗತಿಯ ಪುಸ್ತಕಗಳನ್ನು ಶಾಲೆಯ ಜಗುಲಿಯ ಮೇಲಿಟ್ಟು. ಆಮೇಲೆ ಎಷ್ಟೋ ಸಲ ಬಿಟ್ಟೆ, ಎಷ್ಟೋ ಸಲ ಮರಳಿದೆ. ಈ ಸಲ, ಅಲೆದಾಟದಲ್ಲಿ ಸಿಕ್ಕಿದ್ದ ಗುರುಗಳ ಬಳಿಗೆ ಒಂದು ಪ್ರಶ್ನೆ ಹೊತ್ತು ಬಂದಿದ್ದೆ.

"ಗುರುಗಳೇ, ನಮ್ಮ ಕೇರಿಯನ್ನು ಹೊಸದಾಗಿ ಕಟ್ಟುವ ಮುಂಚೆ, ಇದರಿಂದ ಜನರ ಆರೋಗ್ಯಕ್ಕೆ ಏನಾದೀತು ಎಂದು ಮನೆಮನೆಗೆ ಹೋಗಿ ಕೇಳಿದವನು ನಾನು. ಎಲ್ಲರೂ ಒಳ್ಳೆಯದೇ ಆಗುತ್ತದೆ ಎಂದರು. ಕಟ್ಟಿದ ಮೇಲೆ ಒಬ್ಬೊಬ್ಬರಾಗಿ ಹಾಸಿಗೆ ಹಿಡಿದರು. ನಾನು ಎಲ್ಲಿ ತಪ್ಪಿದೆ?"

ಗುರುಗಳು ಒಂದು ಕತೆ ಹೇಳಿದರು.

ಒಂದು ಕೇರಿಗೆ ಒಂದೇ ಬಾವಿ. ಮನೆಗೊಂದು ಹಗ್ಗ. ಬೆಳಿಗ್ಗೆ ನೀರು ಸೇದಿದವರು ತಮ್ಮ ಹಗ್ಗವನ್ನು ಪಕ್ಕದ ಬಿದಿರ ಗಳಕ್ಕೆ ನೇತುಹಾಕಿ ಹೋಗುವರು. ಬಿಸಿಲೇರುವ ಮುನ್ನ ಒಬ್ಬ ಮುದುಕಿ ಬಂದು ಹಗ್ಗಗಳನ್ನು ಮುಟ್ಟಿ ನೋಡುವಳು. ಒಣಗಿದ ಹಗ್ಗ ಸಿಕ್ಕರೆ, ಅಂದು ನೀರು ಸೇದದ ಆ ಮನೆಯ ಬಾಗಿಲು ಬಡಿಯುವಳು. ಒಳಗೆ ಯಾರಿಗೋ ಜ್ವರ, ಇಲ್ಲವೇ ಹೆರಿಗೆ ನೋವು. ಅವಳು ಹಗ್ಗ ಮುಟ್ಟುವುದನ್ನು ಎಲ್ಲರೂ ನೋಡಿದ್ದರು. ಯಾಕೆಂದು ಯಾರೂ ಕೇಳಿರಲಿಲ್ಲ.

ಊರ ಯಜಮಾನನಿಗೆ ಕೇರಿಯನ್ನು ಚೆಂದ ಮಾಡಬೇಕೆನಿಸಿತು. ಬಾವಿ ಮುಚ್ಚಿ ಮನೆಮನೆಗೆ ನಲ್ಲಿ ಹಾಕಿಸಲು ಕೊಳವೆ ತರಿಸಿದ. ಆಮೇಲೆ ಜನರನ್ನು ಕೂಡಿಸಿ ಕೇಳಿದ: "ಇದರಿಂದ ಯಾರ ಆರೋಗ್ಯಕ್ಕಾದರೂ ತೊಂದರೆ ಉಂಟೇ? ಧೈರ್ಯವಾಗಿ ಹೇಳಿ."

ಮುದುಕಿ ಎದ್ದು ನಿಂತಳು. "ನಲ್ಲಿ ಹಾಕ್ಸಿ ಯಜಮಾನ್ರೇ, ನಿಮಗೆ ಪುಣ್ಯ ಬರ್ಲಿ. ಆದ್ರೆ ಹಗ್ಗ ಎಲ್ಲಿ ನೇತಾಕೋದು?"

"ಅಯ್ಯೋ ಅಜ್ಜಿ, ನಲ್ಲಿಗೂ ಕೊಡ ಇಳಿಬಿಟ್ಟು ಸೇದ್ತೀಯೇನು?" ಎಂದ ಒಬ್ಬ. ಸಭೆಯೆಲ್ಲ ನಕ್ಕಿತು. ಯಜಮಾನನೂ ನಕ್ಕ. ಅವಳೂ ನಕ್ಕು ಕುಳಿತಳು.

ನಲ್ಲಿ ಬಂತು. ನೀರು ಶುದ್ಧವಾಗಿತ್ತು, ಮಕ್ಕಳ ವಾಂತಿಭೇದಿ ನಿಂತಿತು. ಯಜಮಾನನನ್ನು ಎಲ್ಲರೂ ಹೊಗಳಿದರು.

ಚಳಿಗಾಲದಲ್ಲಿ ಮುದುಕಿಗೆ ಜ್ವರ ಬಂತು. ಮನೆಯಲ್ಲಿ ಅವಳೊಬ್ಬಳೇ. ನಾಲ್ಕನೆಯ ದಿನ ಅವಳ ಬಾಗಿಲ ಸಂದಿಯಿಂದ ನೀರು ಹರಿದು ಬೀದಿಗೆ ಬಂತು. ನಲ್ಲಿ ನಿಲ್ಲಿಸುವಷ್ಟೂ ಗ್ಯಾನ ಇಲ್ಲವೇ ಎಂದು ಬೈಯಲು ಹೋದವರು ಬಾಗಿಲು ತಳ್ಳಿದರು. ಅವಳು ನಲ್ಲಿಯ ಕೆಳಗೆ ತಣ್ಣಗಾಗಿದ್ದಳು. ಕೈಯಲ್ಲಿ ಚೊಂಬಿತ್ತು.

ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಯಜಮಾನ ಆ ಬಿದಿರ ಗಳವನ್ನು ಹುಡುಕಿಸಿದ. ಅದು ಎಂದೋ ಯಾರದೋ ಒಲೆಗೆ ಹೋಗಿತ್ತು.

ಇಷ್ಟು ಹೇಳಿ ಗುರುಗಳು ನನ್ನ ಕಡೆ ತಿರುಗಿದರು.

"ನಿಮ್ಮ ಕೇರಿಯಲ್ಲಿ ನೀವೆಲ್ಲ ನಕ್ಕದ್ದು ಯಾರ ಮಾತಿಗೆ?"

ಹೆಸರು ನನಗೆ ಗೊತ್ತಿತ್ತು. ಊರಿಗೆ ಮರಳಲು ಚಾಪೆ ಸುತ್ತಿ, ಚೀಲ ಕಟ್ಟತೊಡಗಿದೆ.